ಓಕ್‌ಬುನ್ ಕೊಟ್ಟ ಕೆಂಪು ಟಬ್ಬು

ನವೆಂಬರ್ ೧೮, ಮಂಗಳವಾರ

ಸಮಾಜ ಕಲ್ಯಾಣ ಕಚೇರಿಯ ಆ ಹುಡುಗಿಗೆ ಬುದ್ಧಿ ಇಲ್ಲ. ಊರಿನ ಹಿರಿಯರು ಸೇರುವ ಕೋಣೆಯಲ್ಲಿ ನಾವು ಹ್ವಾತು ಎಲೆಗಳ ಇಸ್ಪೀಟು ಆಡುತ್ತಿದ್ದರೆ, ಎಲ್ಲರ ಮುಂದೆಯೇ ಒಬ್ಬೊಬ್ಬರನ್ನೂ "ಅಜ್ಜಿ, ಸಾಯಬೇಕು ಅನಿಸುತ್ತಾ?" ಅಂತ ಕೇಳಿದಳು.

"ದಿನಾ ಅನಿಸುತ್ತೆ. ಸೊಸೆ ಫೋನ್ ಮಾಡಿದ ದಿನ ಎರಡು ಸಲ" ಅಂದೆ. ಎಲ್ಲರೂ ನಕ್ಕರು. ಅವಳು ನಗದೆ ತನ್ನ ಫೋನ್ ನಂಬರಿನ ಚೀಟಿಯೊಂದನ್ನು ನನ್ನ ಕೈಗೆ ತುರುಕಿದಳು.

ಪಕ್ಕದ ಮನೆ ಓಕ್‌ಬುನ್ ಮಾತ್ರ "ಇಲ್ಲಮ್ಮ" ಅಂದಳು. ಅದೇ ತಲೆ ಕೊರೆಯಿತು. ಆಟದಲ್ಲಿ ಮೋಸ ಮಾಡುವ ಆ ಪೀಡೆ ಕೂತರೂ ಎದ್ದರೂ "ಅಯ್ಯೋ, ಸಾವಾದರೂ ಬರಬಾರದೇ" ಅನ್ನುವವಳು. ಇವತ್ತು ಸೋತರೂ ಅನ್ನಲಿಲ್ಲ. ಸಾಲದ್ದಕ್ಕೆ, ಯಾರಿಗೂ ಮುಟ್ಟಲು ಬಿಡದ ಕೆಂಪು ಟಬ್ಬನ್ನು ಬೆಳಗ್ಗೆ ನನ್ನ ಬಾಗಿಲಲ್ಲಿಟ್ಟು "ಇನ್ನು ನೀನೇ ಇಟ್ಕೋ" ಅಂದಿದ್ದಳು. ಚಳಿಗಾಲಕ್ಕೆಲ್ಲ ಆಗುವಷ್ಟು ಎಲೆಕೋಸಿನ ಕಿಮ್ಚಿ ಉಪ್ಪಿನಕಾಯಿ ಹಾಕುವ ವಾರದಲ್ಲಿ ಯಾರಾದರೂ ಅದನ್ನು ಕಲಸುವ ಟಬ್ಬನ್ನೇ ಕೊಡುತ್ತಾರೆಯೇ?

ಸಂಜೆ ಹೋಗಿ ಅದನ್ನು ಅವಳ ಅಂಗಳಕ್ಕೇ ಎಸೆದೆ. "ನಿನ್ನ ಹಳೇ ಟಬ್ಬು ನನಗ್ಯಾಕೆ? ಆ ಹುಡುಗಿ ಹತ್ರ ಸುಳ್ಳು ಹೇಳಿದೆ ತಾನೇ? ಈಗ ನಾನು ಕೇಳ್ತಿದೀನಿ. ಸಾಯಬೇಕು ಅನಿಸ್ತಿದೆಯಾ?"

ಟಬ್ಬನ್ನು ಎತ್ತಿ ಗೋಡೆಗೆ ಒರಗಿಸಿಟ್ಟು "ಹೂಂ" ಅಂದಳು.

ಆ ಬುದ್ಧಿಯಿಲ್ಲದವಳಿಗೇ ಫೋನ್ ಮಾಡಬೇಕಾಯಿತು. ಒದ್ದೆ ಕೂದಲಲ್ಲೇ ಓಡಿಬಂದಳು. ಬೆಳಗ್ಗೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತಾಳಂತೆ. "ರಾತ್ರಿ ಇವರನ್ನ ಒಬ್ಬರನ್ನೇ ಬಿಡಬೇಡಿ ಅಜ್ಜಿ" ಅಂದಳು. ನನಗೇ ಹೇಳಿಕೊಡಲು ಬಂದಿದ್ದಾಳೆ.

ಓಕ್‌ಬುನ್ ಈಗ ನನ್ನ ಮನೆಯಲ್ಲಿ, ಅಡಿಯಿಂದ ಕಾಯಿಸಿದ ಬೆಚ್ಚನೆಯ ನೆಲವನ್ನೆಲ್ಲ ಆಕ್ರಮಿಸಿಕೊಂಡು ಗರಗಸದ ಹಾಗೆ ಗೊರಕೆ ಹೊಡೆಯುತ್ತಿದ್ದಾಳೆ. ಈ ಸದ್ದಿಗೆ ನಿದ್ದೆ ಹತ್ತುವುದಿಲ್ಲ. ನಡುನಡುವೆ ಅದು ನಿಂತಾಗಲೂ ಹತ್ತುವುದಿಲ್ಲ.