ದಾನಮ್ಮನ ಮೊಣಕಾಲಿನ ಹಕ್ಕಳೆ

ಆಲಮಟ್ಟಿ
ಕಾರಹುಣ್ಣಿಮೆಯ ಮರುದಿನ, ಕ್ರಿ.ಶ. ೨೧೯೪

ಮಾನ್ಯ ಡಾಕ್ಟರ್ ಜುಲೇಖಾ ನದಾಫ ಅವರಿಗೆ ಸುಗಲಾ ಹಾದಿಮನಿಯ ನಮಸ್ಕಾರಗಳು.

ಮೇಲಿನ ಇಸವಿ ಕೈತಪ್ಪಿ ಬರೆದದ್ದಲ್ಲ. ನಮ್ಮ ಕಾಲದಲ್ಲಿ ಹಿಂದಂಚೆ ಎಂಬುದೊಂದಿದೆ. ಕಳೆದುಹೋದ ವರ್ಷಗಳಿಗೆ ಕಾಗದ ಒಯ್ಯುವ ಅಂಚೆ. ಒಬ್ಬೊಬ್ಬರಿಗೆ ಬದುಕಿನಲ್ಲಿ ಒಂದೇ ಕಾಗದ. ನನ್ನ ಗಂಡ ತನ್ನದನ್ನು ಮುತ್ತಜ್ಜಿಗೆ ಬರೆದು ಎಣ್ಣೆಗಾಯಿಯ ಮಸಾಲೆ ಹೇಗೆಂದು ಕೇಳಿದ. ಉತ್ತರ ಬರುವ ದಾರಿಯೇ ಇಲ್ಲವೆಂದು ಆಮೇಲೆ ಹೊಳೆಯಿತು. ನಾನು ನನ್ನದನ್ನು ನಿಮಗೆಂದು ಉಳಿಸಿಕೊಂಡಿದ್ದೆ. ನಿಮ್ಮ ಕಾಲದ ಕನ್ನಡವನ್ನು ಹಳೆಯ ಪುಸ್ತಕಗಳಿಂದ ಕಲಿತವಳು ನಾನು. ಎಲ್ಲಾದರೂ ಮಾತು ವಿಚಿತ್ರವೆನಿಸಿದರೆ ಮನ್ನಿಸಿ.

ನನ್ನ ಮಗಳು ದಾನಮ್ಮ ಹುಟ್ಟಿದಾಗ, ನರ್ಸ್ ಹಿಡಿದು ಎತ್ತಿದ ಕಡೆಯೆಲ್ಲ ಅವಳ ಮೈಮೇಲೆ ನೀರುಗುಳ್ಳೆ ಎದ್ದವು. ಈ ಕಾಯಿಲೆಯನ್ನು ನಿಮಗೆ ನಾನು ಪರಿಚಯಿಸಬೇಕಿಲ್ಲ. ಮೇಲಿನ ಚರ್ಮವನ್ನು ಒಳಚರ್ಮಕ್ಕೆ ಹಿಡಿದಿಡುವ ಪ್ರೋಟೀನು ಹುಟ್ಟಿನಿಂದಲೇ ಇಲ್ಲ; ಅಂಗಿಯ ಹೊಲಿಗೆ ಉಜ್ಜಿದರೂ ಸುಲಿದು ಬರುತ್ತದೆ. ನಮ್ಮ ಬೀದಿಯಲ್ಲಿ ಇಂಥ ಕೂಸನ್ನು ಯಾರೂ ಕಂಡಿರಲಿಲ್ಲ. ನಾನು ಅವಳನ್ನು ಹತ್ತಿಯ ಮೆತ್ತೆಯ ಸಮೇತ ಎತ್ತುತ್ತಿದ್ದೆ. ಎದೆಗೆ ಅವುಚಿಕೊಳ್ಳಲು ಧೈರ್ಯ ಬರಲಿಲ್ಲ.

ಮೈ ಒಂದಿಷ್ಟು ಬೆಳೆದ ಮೇಲೆ ಅವಳಿಗೆ ಪೊರೆಗಸಿ ಮಾಡಿದರು. ಮಗುವಿನದೇ ಜೀವಕೋಶ ತೆಗೆದು, ಅದರ ವಂಶವಾಹಿಯಲ್ಲಿನ ತಪ್ಪು ತಿದ್ದಿ, ಹಾಳೆಯಂತೆ ಚರ್ಮ ಬೆಳೆಸಿ ಮೈಗೆ ಹೊದಿಸುವುದಕ್ಕೆ ನಾವು ಹಾಗೆನ್ನುತ್ತೇವೆ. ಕಸಿಗೆ ಮೊದಲು ಪ್ರತಿ ತಾಯಿಗೂ ಆಸ್ಪತ್ರೆಯಲ್ಲಿ ನಿಮ್ಮ ಕತೆ ಹೇಳುತ್ತಾರೆ. ವಿಜಯಪುರದ ನಿಮ್ಮ ಕೋಣೆಗೆ ಇಂಡಿ ಊರಿನಿಂದ ಶಿವಲೀಲಾ ಎಂಬ ಹುಡುಗಿ ಬಂದಿದ್ದಳು. ಮೈತುಂಬ ಬ್ಯಾಂಡೇಜು, ಎಡಗೈಯಲ್ಲಿ ಮಾತ್ರ ಹಸಿರು ಗಾಜಿನ ಬಳೆ. ಅದುವರೆಗೆ ನೋಡಿದವರೆಲ್ಲ ಗಾಯಗಳನ್ನೇ ನೋಡಿ ಕಳಿಸಿದ್ದರು. ನೀವು ಬಳೆ ನೋಡಿದಿರಿ.

“ಈ ಕೈಗಷ್ಟೇ ಯಾಕ ಹಾಕ್ಕೊಂಡೀಯವ್ವಾ?”

“ಇಲ್ಲಿ ಗುಳ್ಳಿ ಏಳಂಗಿಲ್ರಿ ಡಾಕ್ಟರಮ್ಮ. ಎಷ್ಟು ತಿಕ್ಕಿದ್ರೂ ಏನೂ ಆಗಂಗಿಲ್ಲ.”

ಆ ಮಣಿಕಟ್ಟಿನ ಚರ್ಮ ತನ್ನ ತಪ್ಪನ್ನು ತಾನೇ ತಿದ್ದಿಕೊಂಡಿತ್ತು. ಹೇಗೆ ತಿದ್ದಿಕೊಂಡಿತು ಎಂದು ನೀವು ಹುಡುಕಹೊರಟದ್ದರಿಂದಲೇ ನಮ್ಮ ಕಾಲದ ಪೊರೆಗಸಿ ಹುಟ್ಟಿತು. ಈ ಕಾಗದ ತಲುಪುವ ಹೊತ್ತಿಗೆ ಶಿವಲೀಲಾ ನಿಮ್ಮಲ್ಲಿಗೆ ಬಂದು ಹೋಗಿ ಒಂದು ವಾರವಾಗಿರುತ್ತದೆ.

ಈಗ ನನ್ನ ಸಂತೋಷದ ಸುದ್ದಿ ಹೇಳುತ್ತೇನೆ. ನಮ್ಮಲ್ಲಿ ಬಿಸಿಲು ನಿಮ್ಮ ಕಾಲಕ್ಕಿಂತ ಜೋರು. ಬೀದಿಗಳ ಮೇಲೆಲ್ಲ ಬಿಸಿಲು ಕುಡಿದು ವಿದ್ಯುತ್ ಕೊಡುವ ಚಪ್ಪರವಿದೆ, ನೆರಳುಬೀದಿ ಎನ್ನುತ್ತೇವೆ. ಮಕ್ಕಳು ಆಡುವುದು, ಜಗಳವಾಡುವುದು, ಮುದುಕರು ರೊಟ್ಟಿ ಕಟ್ಟಿಕೊಂಡು ಬಂದು ಅವರಿಗೆ ಪಂಚಾಯಿತಿ ಮಾಡುವುದು ಎಲ್ಲ ಅದರಡಿಯಲ್ಲೇ. ದಾನಮ್ಮ ಅಲ್ಲಿ ಕೂತು ಕಬಡ್ಡಿ ನೋಡುತ್ತಿದ್ದವಳು. ಕಸಿ ಗಟ್ಟಿಯಾಗಿದೆ, ಆಡಲಿ ಎಂದು ವೈದ್ಯರು ಹೇಳಿದ ಮೇಲೂ ನಾನು ಬಹಳ ದಿನ ಬಿಡಲಿಲ್ಲ. ಕಳೆದ ವಾರ ಅವಳು ನನ್ನನ್ನು ಕೇಳದೆ ಅಂಕಣಕ್ಕೆ ಇಳಿದಳು.

ನಾನು ಕಟ್ಟೆಯ ಮೇಲಿದ್ದೆ. ಎದುರು ತಂಡದ ಹುಡುಗಿ ಅವಳ ಕಾಲು ಹಿಡಿದಳು, ಇನ್ನೊಬ್ಬಳು ಸೊಂಟ ಹಿಡಿದಳು, ಮೂವರೂ ಮಣ್ಣಿನಲ್ಲಿ ಉರುಳಿದರು. ನಾನು ಚಪ್ಪಲಿ ಬಿಟ್ಟು ಓಡಿದೆ. ಮೊಣಕಾಲಿನಿಂದ ರಕ್ತ ಬರುತ್ತಿತ್ತು. ಸುತ್ತಲಿನ ಚರ್ಮ ಸುಲಿದಿದೆಯೇ ಎಂದು ನೋಡಲೂ ಭಯ.

ಆಟ ಕಲಿಸುವ ರೇಣವ್ವ ಟೀಚರು ಬಾಗಿ ನೋಡಿ, “ತರಚೇತಿ ಅಷ್ಟ. ಎಲ್ಲಾ ಹುಡುಗ್ಯಾರಿಗೂ ತರಚತೈತಿ. ಸರೀರಿ ಅಕ್ಕಾರ, ಆಟ ನಡದೈತಿ,” ಎಂದರು.

ದಾನಮ್ಮ ನನ್ನ ಕಡೆ ನೋಡಲೂ ಇಲ್ಲ. ಗೆರೆ ಮುಟ್ಟಿದೆನೋ ಇಲ್ಲವೋ ಎಂದು ಅಂಪೈರ್ ಜೊತೆ ಜಗಳಕ್ಕೆ ನಿಂತಿದ್ದಳು.

ಇವತ್ತು ಬೆಳಿಗ್ಗೆ ಓಡಿಬಂದು ಕಾಲು ಚಾಚಿದಳು. “ಅವ್ವಾ, ಹಕ್ಕಳಿ ಕಟ್ಟೇತಿ ನೋಡ! ಗೆಳತ್ಯಾರಿಗೆ ಆಗತೈತಲ್ಲ, ಹಂಗ!”

ಒಣಗಿದ, ಕಪ್ಪನೆಯ, ಅಂಚಿನಲ್ಲಿ ತುರಿಸುವ ಹಕ್ಕಳೆ. ಅದನ್ನು ಕೀಳಬೇಡ ಎಂದು ಗದರಿದೆ. ಹಾಗೆ ಗದರುವ ಸುಖ ಎಷ್ಟು ದೊಡ್ಡದೆಂದು ನಿಮಗೊಬ್ಬರಿಗೆ ತಿಳಿದೀತು. ಆಮೇಲೆ ಅವಳನ್ನು ಎಳೆದು ಬಿಗಿಯಾಗಿ ಅಪ್ಪಿಕೊಂಡೆ. “ಬಿಡಬೇ, ಉಸರ ಕಟ್ಟತೈತಿ” ಎಂದು ಬಯ್ದಳು. ನಾನು ಬಿಡಲಿಲ್ಲ.

ಡಾಕ್ಟರಮ್ಮ, ನನ್ನದೊಂದು ಕೋರಿಕೆ ಇದೆ. ಶಿವಲೀಲಾಳ ಹಿಮ್ಮಡಿಗೆ ನೀವು ಹಾಕುವ ಮೊದಲ ಕಸಿ ನಿಲ್ಲುವುದಿಲ್ಲ. ಅದರ ನಂತರದ್ದೂ ಉದುರುತ್ತದೆ. ಎದೆಗುಂದಬೇಡಿ; ಮೂರನೆಯದು ಹಿಡಿಯುತ್ತದೆ. ಅವಳು ಮೊದಲ ಸಲ ಬರಿಗಾಲಲ್ಲಿ ನಡೆಯುವ ದಿನವೇ ದೆಹಲಿಯಲ್ಲಿ ನಿಮ್ಮ ಭಾಷಣವಿರುತ್ತದೆ. ನಮಗೆ ಗೊತ್ತಿರುವಂತೆ ನೀವು ದೆಹಲಿಗೆ ಹೋದಿರಿ, ಅವಳು ನಡೆದ ಸುದ್ದಿಯನ್ನು ಫೋನಿನಲ್ಲಿ ಕೇಳಿದಿರಿ, “ನಾ ಅಲ್ಲಿ ಇರಬೇಕಿತ್ತು” ಎಂದು ಮುಪ್ಪಿನವರೆಗೂ ಹೇಳುತ್ತಿದ್ದಿರಿ.

ಭಾಷಣವನ್ನು ಬೇರೆ ಯಾರಾದರೂ ಓದಲಿ. ನೀವು ಇಂಡಿಗೆ ಹೋಗುವ ಬಸ್ ಹತ್ತಿ. ಶಿವಲೀಲಾಳ ಮನೆಯ ಅಂಗಳದ ಆಚೆ ತುದಿಯಲ್ಲಿ ಒಂದು ನಿಂಬೆ ಗಿಡವಿದೆ. ಅದರ ಪಕ್ಕ ನಿಂತಿರಿ. ಅವಳು ಅಲ್ಲಿಯವರೆಗೆ ನಡೆದು ಬರುತ್ತಾಳೆ.