ತಡಿ, ಹೊಸ ಎಂಜಿನ್ ಬರ್ತೈತಿ

೧೨ ಜೂನ್ ೨೦೨೫, ಗುರುವಾರ

ಯಲಬುರ್ಗಾದ ಕಾಲೇಜಿನಿಂದ ಕೊಪ್ಪಳಕ್ಕೆ ಇವತ್ತೂ ಬಸ್ಸಿನಲ್ಲಿ ನಿಂತೇ ಬಂದೆ. ನಾನು ಡ್ರೈವಿಂಗ್ ಕಲಿತು ಮೂರು ವರ್ಷವಾಯಿತು. ಕಾರು ಮಾತ್ರ ಮನೆಗೆ ಬಂದಿಲ್ಲ. ಬ್ಯಾಟರಿ ಕಾರೇ ಸಾಕೆಂದರೆ ಇವರು ಎಂಜಿನ್ನಿನ ಯಾವುದೋ ಸುದ್ದಿ ತೆರೆದು ಮೊಬೈಲ್ ಮುಂದೆ ಹಿಡಿಯುತ್ತಾರೆ.

"ತಡಿ ಅನ್ನಪೂರ್ಣಾ, ಪೆಟ್ರೋಲ್ ಎಂಜಿನ್ ಭಾಳ ಸುಧಾರಿಸಾಕತ್ತೈತಿ. ಮುಂದ ಹೈಡ್ರೋಜನ್ ಸುಡೋದು ಬರ್ತೈತಿ, ನೋಡು."

ಹೋದ ವರ್ಷ ಹೈಬ್ರಿಡ್ ಬರಲೆಂದು ಕಾಯಿಸಿದ್ದರು.

ರೊಟ್ಟಿ ಬಡಿಯುತ್ತಿದ್ದ ಅತ್ತೆ, "ನಿನ್ನ ಎಂಜಿನ್ ಹುಟ್ಟೂದ್ರಾಗ ಆಕಿ ರಿಟೈರ್ ಆಗಿರ್ತಾಳೋ ಕಳಕೇಶ!" ಎಂದರು. ಇವರೂ ನಕ್ಕರು. ನನಗೆ ನಗು ಬರಲಿಲ್ಲ.

ಯಾವ ಎಂಜಿನ್ನಾದರೇನು? ಮಳೆ ಬಿದ್ದ ಎರೆಹೊಲದ ಪಕ್ಕ, ಒಂದು ಪದ್ಯ ಓದುವಷ್ಟು ಹೊತ್ತು, ನನಗೆ ಬೇಕಾದಲ್ಲಿ ನಿಲ್ಲಬೇಕು. ಇವತ್ತು ಅಲ್ಲಿ ಚಿಗರಿ ಜಿಂಕೆಗಳ ಹಿಂಡಿತ್ತು. ಜನರ ತಲೆಗಳ ನಡುವೆ ಒಂದು ಕ್ಷಣ ಕಂಡಿತು; ಬಸ್ಸು ಮುಂದೆ ಹೋಯಿತು.

ನಾಳೆ ಶೋರೂಮಿಗೆ ನಾನೊಬ್ಬಳೇ ಹೋದರೆ ಹೇಗೆ?