ದೇವರ ಗೂಡಿನಲ್ಲಿದ್ದ ಪಾಸ್‌ಪೋರ್ಟು

ಮಗ ದ್ವಾರಕನಿಗೆ ಅಮ್ಮನ ಆಶೀರ್ವಾದ.

ಫೋನಿನಲ್ಲಿ ಹೇಳಿದರೆ ಕೂಗಾಡ್ತೀಯ ಅಂತ ಈ ಕಾಗದಾನ ನಿನ್ನ ಊಟದ ಡಬ್ಬಿ ಜೊತೆ ಇಟ್ಟಿದೀನಿ. ಮೊದಲು ಊಟ ಮಾಡು.

ನಿನ್ನ ಮಗಳು ನಾರ್ವೆಗೆ ಹೋಗಬಾರದು ಅಂತ ಅವಳ ಪಾಸ್‌ಪೋರ್ಟನ್ನ ಈ ಪರದೇಶದ ಮನೆಯಲ್ಲಿರೋ ನನ್ನ ದೇವರ ಗೂಡಿನಲ್ಲಿ ಬಚ್ಚಿಟ್ಟೆಯಲ್ಲ, ಮಡಿಯಿಲ್ಲದೆ ಯಾರೂ ಮುಟ್ಟಲ್ಲ ಅಂತ. ಇವತ್ತು ಬೆಳಿಗ್ಗೆ ಸ್ಪಂದನಾ ತಲೆಗೆ ನೀರು ಹಾಕ್ಕೊಂಡು ಬಂದು ಕೇಳಿದಳು. ಕೊಟ್ಟೆ. ಹದಿನೆಂಟು ತುಂಬಿದ ಹುಡುಗಿ.

ಅಲ್ಲಿನ ಗ್ಲಿಮ್ಟ್ ಫುಟ್‌ಬಾಲ್ ಕ್ಲಬ್ಬಿನವರು ತಂಡಕ್ಕೆ ತಗೊಳ್ಳೋ ಮುಂಚೆ ಹತ್ತು ದಿನ ಅವಳ ಆಟ ನೋಡ್ತಾರಂತೆ. "ಇವಳಿಗೆಲ್ಲಿಯ ಫುಟ್‌ಬಾಲು" ಅಂದೆ ನೀನು. ನಾರ್ವೆಯ ಉತ್ತರದ ಕಡೆಯವರಿಗೆ ಆಟ ಬರಲ್ಲ ಅಂತ ಆ ಕ್ಲಬ್ಬನ್ನೂ ಎಷ್ಟೋ ವರ್ಷ ದೊಡ್ಡ ಲೀಗಿಗೆ ಸೇರಿಸಿರಲಿಲ್ಲವಂತೆ. ಬಾಗಿಲು ತೆಗೆದ ಮೂರೇ ವರ್ಷಕ್ಕೆ ದೇಶದ ಕಪ್ಪನ್ನೇ ಗೆದ್ದುಕೊಂಡು ಹೋದರಂತೆ.

ಮೂರನೇ ಕ್ಲಾಸಿಗೇ ಓದು ಸಾಕು ಅಂತ ನಮ್ಮಪ್ಪ ನನ್ನ ಸ್ಲೇಟನ್ನ ಅಟ್ಟದ ಮೇಲೆ ಎತ್ತಿಟ್ಟಾಗ ಇಳಿಸಿಕೊಡೋರು ಯಾರೂ ಇರಲಿಲ್ಲ.

ಇವತ್ತು ಸಂಜೆ ನಾಲ್ಕು ಗಂಟೆಗೆ ಲಿನ್‌ವುಡ್ ಸ್ಟೇಷನ್ನಿನಲ್ಲಿ ಅವಳನ್ನ ಏರ್‌ಪೋರ್ಟ್ ರೈಲು ಹತ್ತಿಸ್ತೀನಿ. ಅವಳ ದಪ್ಪ ಜಾಕೆಟ್ಟು ನಿನ್ನ ಕಾರಿನಲ್ಲೇ ಉಳಿದಿದೆ, ತಂದುಕೊಡು. ಅವಳ ಮುಂದೆ ಬಾಯಿ ಬಿಡಬೇಡ. ಬಯ್ಯೋದನ್ನೆಲ್ಲ ವಾಪಸ್ ಬರ್ತಾ ಕಾರಿನಲ್ಲಿ ನನಗೆ ಬಯ್ಯಿ. ನನಗೆ ಮನೆಗೆ ಬರೋ ಬಸ್ಸು ಯಾವುದು ಅಂತ ಗೊತ್ತಿಲ್ಲ.

ಇಂತಿ ನಿನ್ನ ಅಮ್ಮ,
ನರಸಮ್ಮ